ಖಾಲಿ ಗೋರಿಯ ಸಾಕ್ಷಿ

ಮಾನ್ಯ ಆಸ್ಪತ್ರೆ ಜಮೀನು ವಿಲೇವಾರಿ ಅಧಿಕಾರಿಗಳೇ,

ನನ್ನ ಮುತ್ತಜ್ಜಿ ಎರಡು ಸಲ ಸತ್ತಳೆಂದರೆ ನಿಮ್ಮ ಕಚೇರಿ ನಂಬುವುದಿಲ್ಲ. ಹಾಗಾಗಿ, ಗುಡ್ಡದ ಮೇಲಿನ ಹಳೆಯ ಹುಚ್ಚಾಸ್ಪತ್ರೆಯ ಹಿಂದಿನ ಹೊಲದಲ್ಲಿ ಮಲಗಿರುವ ಕೆಜಾಯಾ ಆಕ್ರಾಯ್ಡ್ ನನಗೆ ಏನೂ ಆಗಬೇಕಿಲ್ಲವಂತೆ. ಆ ಹೊಲದಲ್ಲಿ ಮನೆ ಕಟ್ಟುವುದಕ್ಕೆ ತಕರಾರು ಎತ್ತುವ ಹಕ್ಕು ಅಲ್ಲಿ ಮಣ್ಣಾದವರ ರಕ್ತಸಂಬಂಧಿಗಳಿಗೆ ಮಾತ್ರವಂತೆ.

ನಿಮ್ಮ ತರ್ಕವನ್ನು ಮೆಚ್ಚಲೇಬೇಕು. ನಮ್ಮೂರ ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಮುತ್ತಜ್ಜಿ ಕೆಜಾಯಾಳ ಹೆಸರಿನ ಗೋರಿಕಲ್ಲಿದೆ. 1891ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳೆಂದು ಕೆತ್ತಿದೆ. ನಿಮ್ಮ ದಫ್ತರದ ಕೆಜಾಯಾ 1919ರವರೆಗೂ ಬದುಕಿದ್ದಳು. ಸತ್ತವಳು ಅಷ್ಟು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವುದು ಹೇಗೆ ಸಾಧ್ಯ?

ಸಾಧ್ಯ, ಸ್ವಾಮಿ. ಮುತ್ತಜ್ಜ ಇನೋಕ್ ಗಿರಣಿಯ ಮೇಸ್ತ್ರಿ, ಮಂದಿರದ ಹಿರಿಯ. ಎರಡನೆಯ ಹೆರಿಗೆಯಾದ ಮೇಲೆ ಹೆಂಡತಿ ಮಾತು ಬಿಟ್ಟು ಗೋಡೆ ನೋಡುತ್ತ ಕುಳಿತಳು. ಗಾಡಿ ಬಂದು ಅವಳನ್ನು ಗುಡ್ಡಕ್ಕೆ ಒಯ್ದ ವಾರದಲ್ಲೇ ಅವನು ಕಲ್ಲು ಕೆತ್ತಿಸಿದ. ಮನೆಯಲ್ಲಿ ಹುಚ್ಚಿಯಿದ್ದಾಳೆಂದರೆ ಹೆಣ್ಣುಮಕ್ಕಳನ್ನು ಯಾರು ಮದುವೆಯಾಗುತ್ತಿದ್ದರು? ಖಾಲಿ ಶವಪೆಟ್ಟಿಗೆ ಹೊತ್ತವರು ಹಗುರ ಎನ್ನಲಿಲ್ಲ. ನಮ್ಮ ಯಾರ್ಕ್‌ಶೈರ್ ಕಡೆ ಮಣ್ಣು ಮಾಡಿ ಬಂದವರಿಗೆ ಹಂದಿಮಾಂಸದ ಹ್ಯಾಮ್ ಬಡಿಸದ ಸಾವು ಸಾವೇ ಅಲ್ಲ. ಎಲ್ಲ ತಿಳಿದ ಊರು ಹ್ಯಾಮ್ ತಿಂದು, ಬಾಯಿ ಒರೆಸಿಕೊಂಡು ಹೋಯಿತು. ಹೀಗೆ ಶಾಸ್ತ್ರೋಕ್ತವಾಗಿಯೇ ಅವಳನ್ನು ಸಾಯಿಸಿದರು.

ಆಗ ಐದು ವರ್ಷದವಳಾಗಿದ್ದ ನನ್ನಜ್ಜಿ ಹೆಸ್ಟರ್ ಪ್ರತಿ ತಾಯಂದಿರ ಭಾನುವಾರ ಆ ಕಲ್ಲಿಗೆ ಹೂವಿಟ್ಟಳು. ಬೆಳೆದ ಮೇಲೆ ಒಮ್ಮೆ ಗುಟ್ಟಾಗಿ ಗುಡ್ಡ ಹತ್ತಿದಳು. ಅದನ್ನು ನನಗೆ ಹೇಳಿದ್ದು ಮುಪ್ಪಿನಲ್ಲಿ, ಬಟಾಣಿ ಸುಲಿಯುತ್ತ:

“ನಮ್ಮವ್ವನ್ನ ನೋಡಿದೀನಿ ಕಣೇ. ಬಟ್ಟೆ ಹಿಂಡ್ತಿದ್ಳು. ನಾನು ಹೆಸ್ಟರ್ ಅಂದೆ. ‘ಅವಳಿಗಿನ್ನೂ ಐದು ವರ್ಷ ಕಣಮ್ಮ, ನೀನ್ಯಾರೋ ದೊಡ್ಡೋಳು’ ಅಂದ್ಳು. ನನ್ನ ಕೈ ತಣ್ಣಗಿದೆ ಅಂತ ಏಪ್ರನ್ನಲ್ಲಿ ಉಜ್ಜಿ ಕಳಿಸಿದ್ಳು.”

ಮತ್ತೆ ಕಲ್ಲಿಗೆ ಯಾಕೆ ಹೂವಿಡುತ್ತೀ ಎಂದೆ. “ಇಡದಿದ್ರೆ ಅಪ್ಪ ಸುಳ್ಳ ಆಗ್ತಾನಲ್ಲೇ” ಅಂದಳು.

ಇದನ್ನೆಲ್ಲ ನಿಮ್ಮ ಕಚೇರಿಯ ಹೆಣ್ಣುಮಗಳಿಗೆ ಹೇಳಿದೆ. ಪಾಪ, ಚಹಾ ಕೊಟ್ಟಳು. “ಅಜ್ಜಿ ಮಾತು ಪುರಾವೆ ಆಗಲ್ಲಮ್ಮ, ಗೋರಿಕಲ್ಲು ಆಗುತ್ತೆ” ಅಂದಳು. ಹಾಗಾದರೆ ಗೋರಿ ತೆಗೆಸಿ ತೋರಿಸೋಣವೆಂದು ಮಂದಿರಕ್ಕೆ ಹೋದೆ. ಸತ್ತವರ ನೆಮ್ಮದಿ ಕೆಡಿಸಬಾರದೆಂದರು. ಆದರೆ ಮರುಮಾತಿಲ್ಲದೆ ನನ್ನನ್ನು ಅವಳ ವಾರಸುದಾರಳೆಂದು ಒಪ್ಪಿದರು. ಯಾರೂ ಇಲ್ಲದ ಗೋರಿಗೆ ನಾನು ಮರಿಮಗಳು, ಅವಳಿರುವ ಹೊಲಕ್ಕೆ ದಾರಿಹೋಕಳು.

ಆ ಹೊಲದಲ್ಲಿ ಒಬ್ಬೊಬ್ಬರ ತಲೆಯ ಬಳಿ ಸಂಖ್ಯೆಯಿದ್ದ ಕಬ್ಬಿಣದ ಗೂಟವಾದರೂ ಇತ್ತು. ಹುಲ್ಲು ಕತ್ತರಿಸಲು ಅಡ್ಡಿಯೆಂದು ನಿಮ್ಮ ಹಿಂದಿನವರು ಕಿತ್ತು ಗುಜರಿಗೆ ಹಾಕಿದರು. ಇನೋಕ್ ಒಬ್ಬಳಿಗೆ ಮಾಡಿದ್ದನ್ನು ನೀವು ನೂರಾರು ಜನರಿಗೆ ಮಾಡಿದಿರಿ. ಅವನಿಗೆ ನಾಚಿಕೆಯಾದರೂ ಇತ್ತು.

ಗೆಲ್ಲುವ ಭ್ರಮೆ ನನಗಿಲ್ಲ. ಚಳಿ ಕಳೆದೊಡನೆ ಯಂತ್ರಗಳು ಬರುತ್ತವೆ, ಎಲ್ಲರ ಮೂಳೆಯೂ ಒಂದೇ ಗುಂಡಿಗೆ ಹೋಗುತ್ತದೆ. ಆ ದಿನ ನನ್ನನ್ನು ಬೇಲಿಯೊಳಗೆ ಬಿಡಿ, ಇಷ್ಟೇ ನನ್ನ ಬೇಡಿಕೆ. ಆ ಮೂಳೆಗಳಲ್ಲಿ ಅವಳದು ಯಾವುದೆಂದು ಕೇಳುವುದಿಲ್ಲ. ಹ್ಯಾಮ್ ನಾನು ತರುತ್ತೇನೆ. ಹೊರಲು ನೀವೂ ಬನ್ನಿ. ಈ ಸಲ ಪೆಟ್ಟಿಗೆ ಖಾಲಿಯಿರುವುದಿಲ್ಲ.

ಇಂತಿ,
ಖಾಲಿ ಗೋರಿಯ ಅಧಿಕೃತ ವಾರಸುದಾರಳು,
ಬೆರಿಲ್ ಸಟ್‌ಕ್ಲಿಫ್