ಎಂಜಿನ್ ಮೇಲಿನ ಪೆಟ್ಟಿಗೆ

ನಾರ್‌ಕ್ರಾಸ್, ಗುರುವಾರ

ಹರಿಪ್ರಸಾದ ಅಂಕಲ್ ಅವರಿಗೆ,

ನಮ್ಮಣ್ಣ ಸೌರಭನಿಗೆ ನಿಮ್ಮ ಕಂಪನಿಯಲ್ಲಿ ಕೆಲಸ ಕೊಟ್ಟು ವೀಸಾ ಉಳಿಸುತ್ತೇನೆ ಅಂದಿರಿ. ಕೊಡಲಿಲ್ಲ. ಬದಲಿಗೆ ನಿಮ್ಮ ಜಮೀನಿನ ಹೊಳೆಗೆ ಇಳಿಸಿ, ತಳದ ಮರಳನ್ನು ಪಂಪಿನಿಂದ ಹೀರಿ ಚಿನ್ನದ ಪುಡಿ ತೆಗೆಯಲು ಹಚ್ಚಿದಿರಿ. ದಂಡೆಯಲ್ಲಿ ಒಬ್ಬರು ಕಾವಲಿರುತ್ತಾರೆ ಅಂದಿರಿ. ಯಾರೂ ಇಲ್ಲ.

ನೀರಿನಡಿ ಅವನು ಉಸಿರಾಡುವ ಗಾಳಿಯೂ ಆ ಪಂಪನ್ನು ಓಡಿಸುವ ಪೆಟ್ರೋಲ್ ಎಂಜಿನ್ನಿನ ಪಕ್ಕದಿಂದಲೇ ಪೈಪಿನಲ್ಲಿ ಹೋಗುತ್ತದೆ. ಸದ್ದಿಗೆ ನೆರೆಯವರು ಪೊಲೀಸರನ್ನು ಕರೆದಾರೆಂದು ಹೆದರಿ, ನೀವು ಎಂಜಿನ್ ಮೇಲೆ ಮರದ ಪೆಟ್ಟಿಗೆ ಕವುಚಿದಿರಿ. ಅದಕ್ಕೆ ಕುಂಕುಮ ಹಚ್ಚಿ ಕಾಯಿಯನ್ನೂ ಒಡೆದಿರಿ. ಈಗ ಹೊಗೆ ಒಳಗೇ ನಿಂತು ಅವನ ಪೈಪಿಗೆ ನುಗ್ಗುತ್ತಿದೆ.

ಮನೆಗೆ ಬಂದರೆ ತಲೆನೋವು, ವಾಂತಿ. ನಿನ್ನೆ ಅಂಗಿಯ ಗುಂಡಿ ಬಿಚ್ಚಲೂ ಅವನ ಬೆರಳು ಏಳಲಿಲ್ಲ. ಫೋನ್ ಮಾಡಿದರೆ ನೀವು, "ಆಸಿಡಿಟಿ ಕಣಮ್ಮ, ಮಜ್ಜಿಗೆ ಕೊಡು" ಅಂದಿರಿ. ಅವನೋ, "ಅಂಕಲ್‌ಗ ಏನೂ ಅನಬ್ಯಾಡ, ವೀಸಾ ಹೋಗ್ತದ" ಅಂತ ನನ್ನ ಕೈ ಹಿಡಿದ.

ಆ ಪೆಟ್ಟಿಗೆ ಕಿತ್ತು ಹಾಕಿ. ಗಾಳಿ ಎಳೆಯುವ ಪೈಪಿನ ಬಾಯಿಯನ್ನು ಹೊಗೆಯಿಂದ ದೂರ, ಎತ್ತರದಲ್ಲಿ ಕಟ್ಟಿಸಿ. ಆಗದು ಅನ್ನುವುದಾದರೆ ಆ ಪೈಪನ್ನು ಮೊದಲು ನೀವೇ ಕಚ್ಚಿಕೊಂಡು ಮುಳುಗಿ. ದಂಡೆಯಲ್ಲಿ ಕಾವಲಿಗೆ ನಾನಿರುತ್ತೇನೆ.

ಶನಿವಾರ ಬೆಳಗ್ಗೆ ಏಳು ಗಂಟೆಗೆ, ಹೊಳೆಯ ಹತ್ತಿರ.

ಸೌಮ್ಯಾ