ಒಂದೇ ಒಂದು ಕುದಿ

ತೈನಾನ್
ಮಾರ್ಚ್ ಒಂಬತ್ತು, ಮಧ್ಯಾಹ್ನ

ನನ್ನ ಬಂಗಾರದಂಥ ಪೇಶಾನ್‌ಗೆ,

ದಿನಕ್ಕೆರಡು ಸಲ ಫೋನಿನಲ್ಲಿ ಮಾತಾಡುವ ಅಮ್ಮ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ. ಲಿಚಿಯೂ ಚೆನ್ನಾಗಿದ್ದಾಳೆ, ಈಗ ಬಾಲ ಮಡಚಿಕೊಂಡು ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿದ್ದಾಳೆ, ಕಾಲು ಜೋಮು ಹಿಡಿದಿದೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮಾತು ತಿರುಗಿಸುತ್ತೇನೆ. ಕಾಗದದಲ್ಲಿ ಇಬ್ಬರಿಗೂ ಆ ಅನುಕೂಲವಿಲ್ಲ.

ನಿನ್ನೆ ಅಳಿಯ ಫೋನ್ ಮಾಡಿದ್ದ. ನಿನಗೆ ಹೇಳಬೇಡಿ ಎಂದ, ಹೇಳುತ್ತಿದ್ದೇನೆ. ಪಾಪುವಿಗೆಂದು ತಂದ ಹಾಲಿನ ಬಾಟಲಿಗಳನ್ನು ಮುಂದಿಟ್ಟುಕೊಂಡು ನೀನು ಅಳುತ್ತಾ ಕೂತಿದ್ದೆಯಂತೆ. "ಒಂದು ನಾಯಿಗೇ ನೆಟ್ಟಗೆ ಊಟ ಹಾಕಕ್ಕೆ ಬರ್ಲಿಲ್ಲ ನಂಗೆ, ಕೊಂದ್ಬಿಟ್ಟೆ. ಇನ್ನು ಮಗೂಗೆ ಏನ್ ಹಾಕ್ಲಿ?" ಅಂದೆಯಂತೆ. ಅದನ್ನು ಕೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ. ಕುರೊ ಸತ್ತದ್ದರ ಬಗ್ಗೆ ನಿನಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಅದನ್ನು ಮೊದಲಿನಿಂದ ಹೇಳಿದರೇ ನನಗೆ ಹೇಳಲು ಬರುವುದು, ಸ್ವಲ್ಪ ತಾಳಿಕೋ.

ಲಿಚಿಯ ತುರಿಕೆಗೆ ನೀನು ಮಾಡದ ಮದ್ದಿರಲಿಲ್ಲ. ಮುಂಗಾಲು ನೆಕ್ಕಿ ನೆಕ್ಕಿ ಕೂದಲುದುರಿಸಿಕೊಂಡು ಕೆಂಪು ಚರ್ಮ ಕಾಣುವಂತೆ ಮಾಡಿಕೊಂಡಿದ್ದಳು. ನಾಯಿ ಡಾಕ್ಟರ್ ಲ್ಯಾವ್ ಅವರನ್ನು ಕೇಳಿ, ಎರಡು ಪುಸ್ತಕ ಓದಿ, ಪ್ಯಾಕೆಟ್ ಆಹಾರವನ್ನು ಚಮಚ ಚಮಚವಾಗಿ ಕಡಿಮೆ ಮಾಡುತ್ತಾ ಆರು ವಾರದಲ್ಲಿ ನೀನು ಎರಡೂ ನಾಯಿಗಳನ್ನು ಹಸಿ ಮಾಂಸಕ್ಕೆ ಬದಲಾಯಿಸಿದೆ. ನಾನು ಏನಂದೆ ನೆನಪಿದೆಯಾ? "ನಾವೇನು ಹುಲಿ ಸಾಕಿದ್ದೀವಾ?" ಅಂದೆ. ನೀನು ನಕ್ಕುಬಿಟ್ಟೆ.

ನವೆಂಬರಿನಲ್ಲಿ ರಕ್ತ ಕಾಣಿಸಿಕೊಂಡು ಡಾಕ್ಟರಮ್ಮ ನಿನಗೆ ಹಾಸಿಗೆ ಬಿಟ್ಟು ಏಳಬಾರದು ಅಂದಾಗ, ಅಳಿಯ ಕುರೊ, ಲಿಚಿ ಇಬ್ಬರನ್ನೂ ಇಲ್ಲಿಗೆ ತಂದು ಬಿಟ್ಟ. ಜೊತೆಗೆ ಐಸ್ ಪೆಟ್ಟಿಗೆ. ಕುರೊಗೆ ಕೋಳಿ ಕತ್ತು, ಗುಂಡಿಗೆ, ಒಂದಿಷ್ಟು ಈಲಿ. ಲಿಚಿ ಅಗಿಯದೆ ನುಂಗುವವಳಾದ್ದರಿಂದ ಅವಳಿಗೆ ಎಲ್ಲವೂ ಮೂಳೆ ಸಮೇತ ನುಣ್ಣಗೆ ಅರೆದದ್ದು. ಫ್ರಿಜ್ಜಿನ ಬಾಗಿಲಿಗೆ ಅವನು ಅಂಟಿಸಿದ ನಿನ್ನ ಚೀಟಿ, ಒಂದೊಂದರ ತೂಕ, ಕೊನೆಗೆ: "ಯಾವುದನ್ನೂ ಬೇಯಿಸಬಾರದು." ಕೆಳಗೆ ಎರಡು ಗೆರೆ. ಮಲಗಿದಲ್ಲಿಂದಲೇ ಫೋನಿನಲ್ಲಿ ಇನ್ನೊಮ್ಮೆ ಹೇಳಿದೆ, "ಅಮ್ಮಾ, ನೀನು ಏನೂ ಬೇಯಿಸ್ದೇ ಇದ್ರೆ ಅದೇ ನಂಗೆ ದೊಡ್ಡ ಸಹಾಯ." ಮೂವತ್ತೊಂದು ವರ್ಷ ಮಾರುಕಟ್ಟೆಯ ಮೂಲೆಯಲ್ಲಿ ಮೂಳೆ ಸಾರು ಮಾಡಿ ಮಾರಿದವಳಿಗೆ ಹೇಳುವ ಮಾತೇ ಅದು? ನನಗೆ ನಿಜವಾಗಿ ಕೋಪ ಬಂದಿತ್ತು.

ಆದರೂ ಮೊದಲ ವಾರ ನೀನು ಹೇಳಿದಂತೆಯೇ ಹಾಕಿದೆ. ಆಮೇಲೆ ಚಳಿ ಬಿತ್ತು. ಕುರೊಗೆ ಹದಿಮೂರು ವರ್ಷ, ಹಿಂಗಾಲು ನಡುಗುತ್ತಿತ್ತು. ಒಂದು ಬೆಳಿಗ್ಗೆ ತಟ್ಟೆಯಲ್ಲಿದ್ದ ತಣ್ಣನೆಯ ಕೋಳಿ ಕತ್ತನ್ನು ಮೂಸಿ, ಬಿಟ್ಟು, ನನ್ನ ಮುಖ ನೋಡಿದ. ನನ್ನ ಒಲೆಯ ಮೇಲೆ ನೀರು ಮರಳುತ್ತಿತ್ತು. ನಮ್ಮಲ್ಲಿ ಯಾವ ಮೂಳೆಯನ್ನೇ ಆಗಲಿ ಶುಂಠಿ ಹಾಕಿದ ನೀರಿನಲ್ಲಿ ಒಂದು ಕುದಿ ಕುದಿಸಿ, ರಕ್ತದ ನೊರೆ ಚೆಲ್ಲದೆ ಮುಂದಿನ ಕೆಲಸವಿಲ್ಲ. ನಿನಗೆ ಏಳು ವರ್ಷವಾದಾಗ ಸ್ಟೂಲಿನ ಮೇಲೆ ನಿಲ್ಲಿಸಿ ಕಲಿಸಿದ್ದೇ ಅದನ್ನು. ಒಂದೇ ಒಂದು ಕುದಿ, ಅದನ್ನು ಬೇಯಿಸಿದ್ದು ಅನ್ನುತ್ತಾರಾ ಎಂದು ನನಗೆ ನಾನೇ ಹೇಳಿಕೊಂಡು ಆ ಕತ್ತನ್ನು ನೀರಿಗೆ ಹಾಕಿದೆ.

ಕುರೊ ಬಾಲ ಅಲ್ಲಾಡಿಸಿಕೊಂಡು ತಿಂದ. ನಿನ್ನ ಮೇಲೆ ಗೆದ್ದ ಹಾಗಾಯಿತು ನನಗೆ, ಪೇಶಾನ್. ಮಾರನೆಯ ದಿನ ಇನ್ನೂ ಸ್ವಲ್ಪ ಹೊತ್ತು ಬಿಟ್ಟೆ. ಹೀಗೆ ಒಂಬತ್ತು ದಿನ. ಹತ್ತನೆಯ ದಿನ ಅವನು ಏಳಲಿಲ್ಲ, ಬೆನ್ನು ಬಿಲ್ಲಾಗಿಸಿಕೊಂಡು ವಾಂತಿ ಮಾಡಿದ. ಹೊಟ್ಟೆ ಕೊಯ್ದು ನೋಡಿದ ಡಾಕ್ಟರ್ ಲ್ಯಾವ್, ಮೂಳೆಯ ಚೂಪು ಚೂರು ಕರುಳು ಸೀಳಿದೆ ಎಂದರು. ಹಸಿ ಕತ್ತಿನ ಮೂಳೆ ಸಾಮಾನ್ಯವಾಗಿ ಹೀಗೆ ಸಿಡಿಯುವುದಿಲ್ಲ, ಬೆಂದದ್ದಾದರೆ ಸಿಡಿಯುತ್ತದೆ, ಬೇಯಿಸಿದ್ದಿರಾ ಎಂದು ಕೇಳಿದರು. ಇಲ್ಲ ಎಂದೆ. ಆಪರೇಷನ್ ಆದ ಎರಡನೆಯ ದಿನ ಕುರೊ ಹೋದ.

ಅವತ್ತು ನೀನು ಮಲಗಿದಲ್ಲಿಂದ ಕೇಳಿದೆ, "ಅಮ್ಮಾ, ನೀನು ಬೇಯ್ಸಿರ್ಲಿಲ್ಲ ತಾನೆ?"

ನಾನು ಏನು ಹೇಳಿದೆ ಎಂದು ನೀನು ಮರೆತಿರಬಹುದು, ನಾನು ಮರೆತಿಲ್ಲ. "ನೀನು ಚೀಟಿ ಬರ್ದು ಕಳ್ಸಿದ್ಯಲ್ಲ" ಅಂದೆ.

ಹಾಗಾದರೆ ಹಸಿ ಮೂಳೆ ಹಾಕಿಸಿದ ನನ್ನದೇ ತಪ್ಪು ಎಂದು ನೀನು ಹೇಳಿದೆ. ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಹೊಟ್ಟೆಯಲ್ಲಿ ಮಗುವಿದೆ, ಈಗ ಹೇಳಿ ಅವಳಿಗೆ ಸಿಟ್ಟು ಬರಿಸುವುದು ಬೇಡ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಕುರೊ ಸತ್ತ ವಾರವೇ ಲಿಚಿಗೆ ಇನ್ನು ಪ್ಯಾಕೆಟ್ ಆಹಾರವನ್ನೇ ಹಾಕು, ಆ ಹಸಿ ಮಾಂಸದ ಸಹವಾಸ ಸಾಕು ಎಂದು ನೀನು ಹೇಳಿದೆ. ಆಗಲಿ ಎಂದು ನಾನು ಒಪ್ಪಿದೆ.

ಇಷ್ಟೇ ಆಗಿದ್ದರೆ ಹೆದರಿಕೆ ಎನ್ನಬಹುದಿತ್ತು. ಇನ್ನೂ ಇದೆ. ಕುರೊ ಹೋದಂದಿನಿಂದ ನೀನು ನನ್ನನ್ನು ಎಲ್ಲವನ್ನೂ ಕೇಳತೊಡಗಿದೆ. ಪರಂಗಿ ಹಣ್ಣು ತಿನ್ನಲಾ, ಎಷ್ಟು ಮೊಟ್ಟೆ ತಿನ್ನಲಿ, ಈ ಮಾತ್ರೆ ನುಂಗಲಾ. ಕಾಲೇಜಿಗೆ ಹೋದಂದಿನಿಂದ ನನ್ನ ಒಂದು ಮಾತನ್ನೂ ಕೇಳದ ಮಗಳು ನೀನು, "ನೀನೇ ಹೇಳಮ್ಮಾ, ನಂಗೆ ನನ್ ಮೇಲೆ ನಂಬ್ಕೆ ಇಲ್ಲ" ಅನ್ನತೊಡಗಿದೆ. ನನಗೆ ಅದು ಇಷ್ಟವಾಯಿತು. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಫೋನ್ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೆ. ನೀನು ಕುಗ್ಗುತ್ತಿದ್ದೀಯ ಎಂದು ಗೊತ್ತಾಗುತ್ತಿತ್ತು, ಆದರೆ ನನ್ನ ಮಗಳು ಮತ್ತೆ ನನ್ನವಳಾದಳು ಎಂದುಕೊಳ್ಳುತ್ತಿದ್ದೆ.

ಅಳಿಯ ಬಾಣಂತಿಯರ ಕೇಂದ್ರದಲ್ಲಿ ಕೋಣೆ ಹಿಡಿಯೋಣ ಎಂದಾಗ, ನನ್ನ ಬಾಣಂತನಕ್ಕೆ ನಮ್ಮ ಅಮ್ಮನೇ ಬರಬೇಕು, ಬೇರೆ ಯಾರ ಕೈಯ ಊಟವೂ ಬೇಡ ಎಂದು ನೀನು ಹಟ ಹಿಡಿದೆ. ಅಂದು ನಾನು ಮಾರುಕಟ್ಟೆಗೆ ಓಡಿ ಬಾಣಂತಿ ಸಾರಿಗೆಂದು ಕರಿ ಎಳ್ಳೆಣ್ಣೆ ಆರು ಬಾಟಲಿ, ಬಲಿತ ಶುಂಠಿ, ಅಕ್ಕಿ ಮದ್ಯ ಎಲ್ಲವನ್ನೂ ತಂದೆ. ಕೋಳಿ ಮಾರುವ ಹೆಂಗಸು, "ಏನಮ್ಮ, ಮತ್ತೆ ಅಂಗಡಿ ಇಡ್ತೀಯಾ?" ಎಂದು ರೇಗಿಸಿದಳು. ಇಲ್ಲ ಕಣೇ, ಅಜ್ಜಿ ಆಗ್ತಿದ್ದೀನಿ ಎಂದೆ. ಅಷ್ಟು ಸಂತೋಷದ ದಿನ ನನಗೆ ಬಂದು ಬಹಳ ವರ್ಷವಾಗಿತ್ತು.

ಹೆರಿಗೆಗೆ ಇನ್ನು ಮೂರು ವಾರ. ಈ ಕಾಗದ ನಾಳೆಯೋ ನಾಡಿದ್ದೋ ನಿನಗೆ ಸಿಗುತ್ತದೆ. ಓದಿದ ಮೇಲೆ, ಇವಳು ಮನೆಗೆ ಬರುವುದೇ ಬೇಡ ಎನ್ನಿಸಿದರೆ ನಾನು ಬರುವುದಿಲ್ಲ. ಹೇಳಿದ್ದನ್ನು ಮಾಡದೆ, ಮಾಡಿದ್ದನ್ನು ಮುಚ್ಚಿಟ್ಟವಳ ಕೈಗೆ ಹಸುಗೂಸನ್ನು ಯಾಕೆ ಕೊಡಬೇಕು? ನನಗೆ ನಿನ್ನ ಬಾಣಂತನ ಮಾಡುವ ಆಸೆ ಎಷ್ಟಿದೆ ಎಂದು ಬರೆದರೆ ಅದೂ ನಿನ್ನನ್ನು ಕಟ್ಟಿಹಾಕಿದ ಹಾಗೆ. ಕೇಂದ್ರದ ಕೋಣೆ ಇನ್ನೂ ಖಾಲಿ ಇದೆಯಂತೆ, ಅಳಿಯನನ್ನು ಕೇಳಿದ್ದೇನೆ.

ನೀನು ಬೈದು ಬರೆದರೂ ಓದುತ್ತೇನೆ. ಆದರೆ ಇನ್ನು ಪರಂಗಿ ಹಣ್ಣಿನ ಬಗ್ಗೆ ನನ್ನನ್ನು ಕೇಳಬೇಡ, ಡಾಕ್ಟರಮ್ಮನನ್ನು ಕೇಳು. ನಾಳೆ ಬೆಳಿಗ್ಗೆ ಡಾಕ್ಟರ್ ಲ್ಯಾವ್ ಅವರಿಗೂ ನಿಜ ಹೇಳಿ ಬರುತ್ತೇನೆ.

ನಿನ್ನನ್ನು ತುಂಬಾ ಪ್ರೀತಿಸುವ, ನಿನ್ನ ಮುಂದೆ ತಲೆ ತಗ್ಗಿಸಿರುವ
ಅಮ್ಮ
ಬೀಶ್ಯಾ

ಮರೆತ ಮಾತು: ಲಿಚಿಗೆ ಪ್ಯಾಕೆಟ್ ಆಹಾರ ಹಾಕು ಎಂದಿದ್ದೆಯಲ್ಲ, ಆ ಮಾತನ್ನೂ ನಾನು ಕೇಳಲಿಲ್ಲ. ಕುರೊ ಹೋದ ಮೇಲೂ ಅವಳಿಗೆ ನೀನು ಹಾಕುತ್ತಿದ್ದ ಹಸಿ ಊಟವನ್ನೇ ಹಾಕುತ್ತಿದ್ದೇನೆ, ನೀನು ಬರೆದ ತೂಕದಲ್ಲೇ, ಒಲೆಯ ಹತ್ತಿರಕ್ಕೂ ಒಯ್ಯದೆ. ನೆಕ್ಕುವುದನ್ನು ಬಿಟ್ಟು ಎರಡು ತಿಂಗಳಾಯಿತು, ಮುಂಗಾಲಿನಲ್ಲಿ ಹೊಸ ಕೂದಲು ಬಂದಿದೆ. ಊಟ ಹಾಕಲು ನಿನಗೆ ಬರುತ್ತದೆ, ಮಗಳೇ.