ಎಕ್ಸ್‌ಟ್ರೀಮ್ಲಿ ಸೀರಿಯಸ್

ಮಾರ್ಚ್ ೧೧, ಮಂಗಳವಾರ.

ರಜೆ ಸಿಗಲಿಲ್ಲ. ಬೆಳಗಾದರೆ ಇವಳ ಆಪರೇಷನ್.

ಮ್ಯಾನೇಜರ್ ನನ್ನ ಇಂಗ್ಲಿಷ್ ಅರ್ಜಿ ಓದಿ ನಕ್ಕುಬಿಟ್ಟರು. "ಎಕ್ಸ್‌ಟ್ರೀಮ್ಲಿ ಸೀರಿಯಸ್ಸಾ? ಹೋದ ತಿಂಗಳು ನಿಮ್ಮ ಹಲ್ಲುನೋವೂ ಎಕ್ಸ್‌ಟ್ರೀಮ್ಲಿ ಸೀರಿಯಸ್ಸೇ ಇತ್ತಲ್ರೀ!"

ಹೌದು, ಇತ್ತು. ಭಾವಮೈದುನ ಮನೆ ಬದಲಾಯಿಸಿದಾಗಲೂ 'ಅಬ್ಸಲ್ಯೂಟ್ಲಿ ಅರ್ಜೆಂಟ್' ಅಂತ ಬರೆದಿದ್ದೆ. ಬರೀ 'ವೆರಿ' ಅಂದರೆ ಯಾರು ಕೇಳುತ್ತಾರೆ ಅಂತ ಇದ್ದಬದ್ದ ದೊಡ್ಡ ಪದಗಳನ್ನೆಲ್ಲ ಚಿಲ್ಲರೆ ಕೆಲಸಕ್ಕೇ ಸುರಿದುಬಿಟ್ಟೆ. ಈಗ ಇನ್ನೊಂದು ಅರ್ಜಿ ಬರೆಯಲು ಡಿಕ್ಷನರಿ ತಿರುವಿ ಹಾಕುತ್ತ ಕೂತಿದ್ದೇನೆ. ಯಾವ ಪದ ನೋಡಿದರೂ ಎಂದೋ ಬಳಸಿದ್ದೇ.

ಸಂಜೆ ಆಸ್ಪತ್ರೆಯಿಂದ ಹೊರಡುವಾಗ ಇವಳು ಕೈ ಹಿಡಿದುಕೊಂಡು, "ಸ್ವಲ್ಪ ಭಯ ಆಗ್ತಿದೆ ಕಣ್ರೀ" ಅಂದಳು. ಮದುವೆಯಾದ ಹದಿನೆಂಟು ವರ್ಷದಲ್ಲಿ ಭಯ ಅಂದವಳೇ ಅಲ್ಲ. ಆ 'ಸ್ವಲ್ಪ' ಕೇಳಿ, ಹೊರಟವನು ಮತ್ತೆ ಅವಳ ಪಕ್ಕ ಕೂತುಬಿಟ್ಟೆ.

ಅದನ್ನೇ ಅರ್ಜಿಯಲ್ಲಿ ಬರೆದರೆ, "ಸ್ವಲ್ಪ ತಾನೇ, ಕೆಲಸಕ್ಕೆ ಬನ್ನಿ" ಅನ್ನುತ್ತಾರೆ.